ಬಿನ್ನಹದಿಂದ ಮತದವರೆಗೆ: ದೆಹಲಿಯ ಸಭೆಯಲ್ಲಿ ಮೈಸೂರಿನ ಪ್ರಾತಿನಿಧ್ಯ

ಶ್ರವಣಬೆಳಗೊಳದಲ್ಲಿರುವ ಶಕ 1290ರ, ಎಂದರೆ ಕ್ರಿ.ಶ. 1368ರ ಬುಕ್ಕರಾಯನ ಶಾಸನವನ್ನು ಮತಸಾಮರಸ್ಯದ ದಾಖಲೆಯೆಂದೇ ಸಾಮಾನ್ಯವಾಗಿ ಓದುತ್ತಾರೆ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವ್ಯಾಜ್ಯವನ್ನು ಅರಸನು ತೀರಿಸಿ, ಒಬ್ಬರ ಕೈಯನ್ನು ಮತ್ತೊಬ್ಬರ ಕೈಯಲ್ಲಿರಿಸಿದ ಸಂಗತಿ ಅದರಲ್ಲಿದೆ. ಆದರೆ ಆ ಶಾಸನದಲ್ಲಿ ಇನ್ನೊಂದು ವಿಷಯವೂ ಇದೆ. ಅರಸನ ಮುಂದೆ ನಿಂತು ಮಾತನಾಡಿದವರು ಯಾರು ಎಂಬುದನ್ನು ಅದು ಹೇಳುತ್ತದೆ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಪಟ್ಟಣಗಳೂ ನಾಡುಗಳೂ ಸೇರಿದ ಭವ್ಯಜನರು ಒಟ್ಟಾಗಿ ಬಿನ್ನಹ ಮಾಡಿಕೊಂಡರು. ಎದುರು ಪಕ್ಷದಲ್ಲಿಯೂ ಹದಿನೆಂಟು ನಾಡಿನ ಶ್ರೀವೈಷ್ಣವರು ನೆರೆದಿದ್ದರು. ನಾಡಿನ ಪರವಾಗಿ ಕೆಲವರು ಹೋಗಿ ದೊರೆಯ ಸಮ್ಮುಖದಲ್ಲಿ ಅರಿಕೆ ಮಾಡುವ ಪದ್ಧತಿ ಈ ನೆಲಕ್ಕೆ ಹೊಸದಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಆದರೆ ಬಿನ್ನಹ ಬಿನ್ನಹವೇ. ಅದನ್ನು ಕೇಳುವುದೂ ಬಿಡುವುದೂ ದೊರೆಯ ಚಿತ್ತ. ಬಿನ್ನಹ ಮಾಡುವವನಿಗೆ ದೊರೆಯನ್ನು ಬದಲಿಸುವ ಅಧಿಕಾರವಿಲ್ಲ. ಈ ಭೇದವನ್ನು ನೆನಪಿಟ್ಟುಕೊಂಡರೆ ಮೈಸೂರಿನ ಪ್ರಾತಿನಿಧ್ಯದ ಆಧುನಿಕ ಚರಿತ್ರೆ ಬೇರೆಯಾಗಿಯೇ ಕಾಣುತ್ತದೆ.

ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರರ ಆಡಳಿತ ಮುಗಿದು 1881ರ ಮಾರ್ಚ್ 25ರಂದು ರಾಜ್ಯವು ಮತ್ತೆ ಒಡೆಯರ ಕೈಗೆ ಬಂದಿತು. ಅದೇ ವರ್ಷದ ಅಕ್ಟೋಬರ್ 7ರಂದು, ದಸರೆಯ ಸಮಯದಲ್ಲಿ, ದಿವಾನ್ ಸಿ. ರಂಗಾಚಾರ್ಲು ಅವರು ಹತ್ತನೆಯ ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಮೈಸೂರಿನಲ್ಲಿ ಕರೆದರು. 144 ಮಂದಿ ಸದಸ್ಯರು ಬಂದರು. ತಾಲ್ಲೂಕುಗಳ ಭೂಮಾಲೀಕರು, ಪೇಟೆಯ ವರ್ತಕರು, ಊರಿನ ಗಣ್ಯರು ಅವರಲ್ಲಿದ್ದರು. ಆಗ ದೇಶೀಯ ಸಂಸ್ಥಾನಗಳಲ್ಲಿ ಇಂತಹ ಸಭೆ ಮತ್ತೊಂದಿರಲಿಲ್ಲ. ದಸರೆಯ ಉತ್ಸವಕ್ಕೆ ಬಂದವರು ದಿವಾನರ ಭಾಷಣದಿಂದ ಸರ್ಕಾರದ ಜಮಾಖರ್ಚನ್ನು ಕೇಳಿ, ತಮ್ಮ ತಾಲ್ಲೂಕಿನ ಕೆರೆ, ರಸ್ತೆ, ಕಂದಾಯಗಳ ಅಹವಾಲನ್ನು ಹೇಳಿಕೊಂಡು ಊರಿಗೆ ಹಿಂದಿರುಗುತ್ತಿದ್ದರು. 1891ರಲ್ಲಿ ಚುನಾವಣೆಯ ಪದ್ಧತಿ ಬಂದಿತು, ಆದರೆ ಆಸ್ತಿಯುಳ್ಳವರಿಗೆ ಮಾತ್ರ. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂದಿತು. 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರ ದೊರೆತು, ಹೊಸ ತೆರಿಗೆಗಳ ವಿಷಯದಲ್ಲಿಯೂ ಹೊಸ ಕಾನೂನುಗಳ ವಿಷಯದಲ್ಲಿಯೂ ಅದರ ಅಭಿಪ್ರಾಯವನ್ನು ಕೇಳಬೇಕೆಂದಾಯಿತು. ಕೇಳಬೇಕು ನಿಜ, ಆದರೆ ಅದರಂತೆ ನಡೆಯಲೇಬೇಕೆಂಬ ಕಟ್ಟಲೆಯಿರಲಿಲ್ಲ. ತಾತಯ್ಯನೆಂದು ಮೈಸೂರಿಗರು ಪ್ರೀತಿಯಿಂದ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರಂತಹ ನಿರ್ಭೀತರು ಆ ಸಭೆಯಲ್ಲಿ ದಿವಾನರನ್ನು ಎದುರಿಸಿ ಮಾತನಾಡಿದರು. ಹಾಗಿದ್ದರೂ ಉತ್ತರ ಕೊಡುವವನೂ ತೀರ್ಮಾನ ಮಾಡುವವನೂ ದಿವಾನನೇ ಆಗಿದ್ದನು. ಇದು ಸುಸಂಸ್ಕೃತವಾದ, ಕ್ರಮಬದ್ಧವಾದ, ಮುದ್ರಿತ ವರದಿಯುಳ್ಳ ಬಿನ್ನಹ. ಆದರೂ ಬಿನ್ನಹವೇ.

ಈ ಸಭೆಯ ಹೆಮ್ಮೆಯಲ್ಲಿ ಮೈಸೂರಿಗರು ಮರೆತಿದ್ದ ಒಂದು ಕೊರತೆಯಿತ್ತು. ಮೈಸೂರಿನಲ್ಲಿ ಮಾತನಾಡಬಹುದಾಗಿದ್ದ ರೈತನಿಗೂ ವಕೀಲನಿಗೂ ದೆಹಲಿಯಲ್ಲಿ ಬಾಯಿಯಿರಲಿಲ್ಲ. 1919ರ ಕಾಯಿದೆಯಂತೆ ಕೇಂದ್ರದಲ್ಲಿ ಶಾಸನಸಭೆಯೊಂದು ರಚನೆಯಾದಾಗ ಧಾರವಾಡ, ಬೆಳಗಾವಿಗಳ ಮತದಾರರು, ಅವರು ಎಷ್ಟೇ ಕಡಿಮೆಯಿರಲಿ, ಮುಂಬಯಿ ಪ್ರಾಂತದ ಮೂಲಕ ಅದರಲ್ಲಿ ಪಾಲು ಪಡೆದರು. ಮಂಗಳೂರು, ಬಳ್ಳಾರಿಗಳವರು ಮದ್ರಾಸಿನ ಮೂಲಕ ಪಡೆದರು. ಮೈಸೂರು ಸಂಸ್ಥಾನಕ್ಕೆ ಅಲ್ಲಿ ಸ್ಥಾನವೇ ಇರಲಿಲ್ಲ. ಸಂಸ್ಥಾನಗಳಿಗೂ ಬ್ರಿಟಿಷ್ ಸರ್ಕಾರಕ್ಕೂ ಇರುವ ಸಂಬಂಧದ ಬಗ್ಗೆ ಆ ಸಭೆಯಲ್ಲಿ ಪ್ರಶ್ನೆ ಕೇಳುವುದಕ್ಕೂ ಅವಕಾಶವಿರಲಿಲ್ಲ. ರೈಲು, ಅಂಚೆ, ಸುಂಕ, ನಾಣ್ಯ ಮೊದಲಾದವುಗಳ ವಿಷಯದಲ್ಲಿ ದೆಹಲಿಯ ನಿರ್ಧಾರಗಳು ಮೈಸೂರಿನ ಸಂತೆಯವರೆಗೂ ಮುಟ್ಟುತ್ತಿದ್ದವು. ಆ ನಿರ್ಧಾರದಲ್ಲಿ ಮೈಸೂರಿನ ಧ್ವನಿ ಇರಲಿಲ್ಲ. 1921ರಲ್ಲಿ ಸ್ಥಾಪಿತವಾದ ನರೇಂದ್ರ ಮಂಡಲವು ಹೆಸರೇ ಹೇಳುವಂತೆ ನರೇಂದ್ರರಿಗಾಗಿ ಇದ್ದುದು, ನರರಿಗಾಗಿ ಅಲ್ಲ.

ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಮೈಸೂರಿನಿಂದ ಹೋದವರು ದಿವಾನ್ ಮಿರ್ಜಾ ಇಸ್ಮಾಯಿಲ್. ಸಂಸ್ಥಾನಗಳೂ ಪ್ರಾಂತಗಳೂ ಸೇರಿದ ಸಂಯುಕ್ತ ಭಾರತದ ಕಲ್ಪನೆಯನ್ನು ಅವರು ಬೆಂಬಲಿಸಿದರು. ಅದರ ಫಲವಾಗಿ ಬಂದ 1935ರ ಕಾಯಿದೆಯಲ್ಲಿ ಮೊದಲ ಬಾರಿಗೆ ದೆಹಲಿಯಲ್ಲಿ ಮೈಸೂರಿಗೆ ಲೆಕ್ಕಕ್ಕೆ ಸಿಗುವ ಸ್ಥಾನಗಳು ನಿಗದಿಯಾದವು. ಕೆಳಸಭೆಯ 375 ಸ್ಥಾನಗಳಲ್ಲಿ 125 ಸಂಸ್ಥಾನಗಳಿಗೆ ಮೀಸಲಾಗಿದ್ದು, ಅವುಗಳಲ್ಲಿ ಮೈಸೂರಿನ ಪಾಲು 7. ಮೇಲ್ಮನೆಯಲ್ಲಿ ಸಂಸ್ಥಾನಗಳ 104 ಸ್ಥಾನಗಳ ಪೈಕಿ ಮೈಸೂರಿಗೆ 3. ಹೈದರಾಬಾದಿಗೆ ಕ್ರಮವಾಗಿ 16 ಮತ್ತು 5. ಆದರೆ ಕಾಯಿದೆಯ ಒಳಮರ್ಮ ಬೇರೆಡೆಯಿತ್ತು. ಪ್ರಾಂತಗಳ ಸದಸ್ಯರು ಆಯ್ಕೆಯಾಗಿ ಬರತಕ್ಕವರು. ಸಂಸ್ಥಾನಗಳ ಸದಸ್ಯರು ಅರಸರಿಂದ ನೇಮಕವಾಗತಕ್ಕವರು. ಜನಸಂಖ್ಯೆಯ ಹೆಸರಿನಲ್ಲಿ ಸ್ಥಾನ ಪಡೆದು, ಆ ಜನರನ್ನು ಕೇಳದೆಯೇ ಅದನ್ನು ತುಂಬುವ ಈ ಏರ್ಪಾಡು ಬಿನ್ನಹಕ್ಕಿಂತಲೂ ಒಂದು ಮೆಟ್ಟಿಲು ಕೆಳಗಿನದು. ಬಿನ್ನಹದಲ್ಲಿ ಕಡೆಯಪಕ್ಷ ನಾಡಿನವರೇ ಬಾಯಿ ಬಿಡುತ್ತಿದ್ದರು. ಸಾಕಷ್ಟು ಸಂಸ್ಥಾನಗಳು ಒಪ್ಪಿ ಸೇರಲಿಲ್ಲ. 1939ರಲ್ಲಿ ಯುದ್ಧ ಆರಂಭವಾಗುತ್ತಲೇ ಸಂಯುಕ್ತ ವ್ಯವಸ್ಥೆಯ ಪ್ರಸ್ತಾಪವನ್ನೇ ಕೈಬಿಡಲಾಯಿತು. ಮೈಸೂರಿನ ಆ ಏಳು ಪೀಠಗಳು ಕಾಗದದ ಮೇಲೆಯೇ ಉಳಿದವು.

ಕಾಕತಾಳೀಯವೆನ್ನುವಂತೆ ಏಳು ಎಂಬ ಸಂಖ್ಯೆ ಮತ್ತೆ ಬಂದಿತು. ಸಂವಿಧಾನ ರಚನಾ ಸಭೆಗೆ ಹತ್ತು ಲಕ್ಷ ಜನರಿಗೊಬ್ಬ ಸದಸ್ಯನಂತೆ ಲೆಕ್ಕ ಹಾಕಿದಾಗ, 1941ರ ಗಣತಿಯಲ್ಲಿ 73 ಲಕ್ಷವಿದ್ದ ಮೈಸೂರಿಗೆ ದೊರೆತುದು ಏಳು ಸ್ಥಾನ. 1947ರ ಜುಲೈನಲ್ಲಿ ಮೈಸೂರಿನವರು ದೆಹಲಿಯ ಸಭೆಯನ್ನು ಪ್ರವೇಶಿಸಿದರು. ಆರಂಭದಲ್ಲಿ ಅವರ ಪೈಕಿ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರೂ ಇದ್ದರು. ಆಗಸ್ಟ್ 9ರಂದು ಜಯಚಾಮರಾಜ ಒಡೆಯರು ಪ್ರವೇಶಪತ್ರಕ್ಕೆ ಸಹಿ ಮಾಡಿದರು. ಭಾರತಕ್ಕೆ ಸ್ವಾತಂತ್ರ್ಯ ಬಂದಿತು. ಮೈಸೂರಿನಲ್ಲಿ ಮಾತ್ರ ಜವಾಬ್ದಾರಿ ಸರ್ಕಾರ ಬರಲಿಲ್ಲ. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಆರಂಭವಾಗಿ ನಾಯಕರು ಸೆರೆಮನೆ ಸೇರಿದರು. ಮೈಸೂರು ನಗರದ ಬೀದಿಯಲ್ಲಿ ಗುಂಡೇಟಿಗೆ ಬಲಿಯಾದ ರಾಮಸ್ವಾಮಿ ಎಂಬ ವಿದ್ಯಾರ್ಥಿಯ ಹೆಸರು ಇಂದಿಗೂ ಅಲ್ಲಿನ ವೃತ್ತವೊಂದಕ್ಕಿದೆ. ಪ್ರತಿನಿತ್ಯ ‘ರಾಮಸ್ವಾಮಿ ಸರ್ಕಲ್’ ಎಂದು ಹೇಳಿ ಬಸ್ಸಿನಿಂದಿಳಿಯುವ ಸಾವಿರಾರು ಜನರಲ್ಲಿ ಆ ಹುಡುಗ ಯಾವುದಕ್ಕಾಗಿ ಸತ್ತನೆಂದು ತಿಳಿದವರು ವಿರಳ. ದಸರೆಯ ಸಭೆಯಲ್ಲಿ ಅರವತ್ತಾರು ವರ್ಷ ಅಹವಾಲು ಹೇಳಿದ ಪ್ರಜೆಗಳು ಅಹವಾಲು ಸಾಕೆಂದು ಹೇಳಿದ ದಿನಗಳವು. ಅಕ್ಟೋಬರ್ 25ರಂದು ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು.

ಸಂವಿಧಾನವು ಅಂಗೀಕೃತವಾದ ಕಾಲಕ್ಕೆ ಮೈಸೂರಿನ ಏಳು ಮಂದಿ ಇವರು: ಕೆ. ಚೆಂಗಲರಾಯ ರೆಡ್ಡಿ, ಟಿ. ಸಿದ್ದಲಿಂಗಯ್ಯ, ಎಚ್. ಆರ್. ಗುರುವರೆಡ್ಡಿ, ಎಸ್. ವಿ. ಕೃಷ್ಣಮೂರ್ತಿ ರಾವ್, ಕೆಂಗಲ್ ಹನುಮಂತಯ್ಯ, ಎಚ್. ಸಿದ್ಧವೀರಪ್ಪ, ಟಿ. ಚನ್ನಯ್ಯ. ದಿವಾನರ ಹೆಸರು ಪಟ್ಟಿಯಲ್ಲಿಲ್ಲ. 1949ರ ನವೆಂಬರ್ 25ರಂದು ಮಹಾರಾಜರು ಹೊರಡಿಸಿದ ಘೋಷಣೆಯಿಂದ ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನವೂ ಆಯಿತು. ಡಿಸೆಂಬರ್ 16ರಂದು ಪ್ರಜಾಪ್ರತಿನಿಧಿ ಸಭೆ ವಿಸರ್ಜನೆಗೊಂಡಿತು. ಅದಕ್ಕಾಗಿ ಯಾರೂ ಕಣ್ಣೀರು ಹಾಕಿದಂತೆ ಕಾಣುವುದಿಲ್ಲ. ಕೃತಜ್ಞತೆಯ ದೃಷ್ಟಿಯಿಂದ ನೋಡಿದರೆ ಇದು ಸ್ವಲ್ಪ ಅನ್ಯಾಯವೇ. ಸಭೆಯಲ್ಲಿ ಎದ್ದು ನಿಂತು, ಸರದಿಯಂತೆ, ಲೆಕ್ಕಪತ್ರ ಹಿಡಿದು ಪ್ರಭುತ್ವವನ್ನು ಪ್ರಶ್ನಿಸುವ ಅಭ್ಯಾಸವನ್ನು ಮೈಸೂರಿಗೆ ಕಲಿಸಿದುದು ಆ ಸಭೆಯೇ. ಸಂಸತ್ತಿನಲ್ಲಿ ಮೈಸೂರಿಗರು ಮೊದಲ ದಿನದಿಂದಲೇ ಸಭಾನಡವಳಿಕೆಯನ್ನು ಬಲ್ಲವರೆನಿಸಿಕೊಂಡುದಕ್ಕೆ ಈ ಪೂರ್ವಸಂಸ್ಕಾರ ಕಾರಣವಾಗಿರಬಹುದು. 1952ರಲ್ಲಿ ರಾಜ್ಯಸಭೆಯ ಮೊದಲ ಉಪಸಭಾಪತಿಯಾದವರು ಆ ಏಳು ಜನರಲ್ಲೊಬ್ಬರಾದ ಎಸ್. ವಿ. ಕೃಷ್ಣಮೂರ್ತಿ ರಾಯರು. ಹತ್ತು ವರ್ಷ ಆ ಪೀಠದಲ್ಲಿದ್ದು, ಬಳಿಕ ಮೂರನೆಯ ಲೋಕಸಭೆಯ ಉಪಸಭಾಧ್ಯಕ್ಷರೂ ಆದರು.

ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಹಳೆಯ ಮೈಸೂರು ರಾಜ್ಯಕ್ಕೆ ಲೋಕಸಭೆಯಲ್ಲಿ 11 ಸ್ಥಾನಗಳು, ರಾಜ್ಯಸಭೆಯಲ್ಲಿ 6. ಕ್ಷೇತ್ರಗಳು ಒಂಬತ್ತೇ. ಕೋಲಾರ ಮತ್ತು ಮೈಸೂರು ದ್ವಿಸದಸ್ಯ ಕ್ಷೇತ್ರಗಳಾಗಿದ್ದವು. ಅಲ್ಲಿ ಒಂದು ಸ್ಥಾನ ಪರಿಶಿಷ್ಟ ಜಾತಿಗೆ ಮೀಸಲು. ಪ್ರತಿಯೊಬ್ಬ ಮತದಾರನಿಗೂ ಎರಡು ಮತಗಳು, ಎರಡನ್ನೂ ಒಬ್ಬನಿಗೇ ಹಾಕುವಂತಿಲ್ಲ. ಅಭ್ಯರ್ಥಿಗೊಂದರಂತೆ ಚಿಹ್ನೆ ಅಂಟಿಸಿದ ಪೆಟ್ಟಿಗೆಗಳನ್ನು ಸಾಲಾಗಿಟ್ಟಿರುತ್ತಿದ್ದರು. ಮತದಾರನು ತನಗೆ ಬೇಕಾದ ಪೆಟ್ಟಿಗೆಯಲ್ಲಿ ಚೀಟಿಯನ್ನು ಹಾಕಿ ಬರಬೇಕು. ಅಕ್ಷರ ಬಾರದವನಿಗೂ ಆಯ್ಕೆ ಸಾಧ್ಯವಾದುದು ಹೀಗೆ. ಆಸ್ತಿಯಿಲ್ಲದ ಕೂಲಿಯವನೂ, ಮನೆಯ ಹೆಂಗಸರೂ ಅರಮನೆಯವರ ಸಮಕ್ಕೆ ಒಂದೇ ತೂಕದ ಮತ ಹಾಕಿದ ಆ ಚುನಾವಣೆಯಲ್ಲಿ ರಾಜ್ಯದ 11ರಲ್ಲಿ 10 ಸ್ಥಾನಗಳನ್ನು ಕಾಂಗ್ರೆಸ್ ಗೆದ್ದಿತು. ಉಳಿದ ಒಂದು ಮೈಸೂರಿನದು. ಕಾಂಗ್ರೆಸ್ಸಿನ ಎನ್. ರಾಚಯ್ಯನವರ ಜೊತೆಗೆ ಮೈಸೂರಿಗರು ಆರಿಸಿದವರು ಕೃಪಲಾನಿಯವರ ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ, ಇನ್ನೂ ಮೂವತ್ತು ತುಂಬದ ಎಂ. ಎಸ್. ಗುರುಪಾದಸ್ವಾಮಿಯವರನ್ನು. ಆಳುವ ಪಕ್ಷದವನೊಬ್ಬ, ವಿರೋಧ ಪಕ್ಷದವನೊಬ್ಬ ಒಂದೇ ಕ್ಷೇತ್ರದಿಂದ ಹೋಗಿ ಒಂದೇ ಸದನದ ಎದುರುಬದುರು ಸಾಲುಗಳಲ್ಲಿ ಕುಳಿತರು. ಒಂದು ಊರಿನ ಅಭಿಪ್ರಾಯ ಒಂದೇ ಆಗಿರಬೇಕಿಲ್ಲ ಎಂಬುದನ್ನು ಇಷ್ಟು ಸರಳವಾಗಿ ತೋರಿಸಿದ ವ್ಯವಸ್ಥೆ ಮುಂದೆ ಉಳಿಯಲಿಲ್ಲ. 1961ರಲ್ಲಿ ದ್ವಿಸದಸ್ಯ ಕ್ಷೇತ್ರಗಳನ್ನು ರದ್ದುಮಾಡಿ, ಮೈಸೂರನ್ನೂ ಮೀಸಲು ಕ್ಷೇತ್ರವಾದ ಚಾಮರಾಜನಗರವನ್ನೂ ಬೇರ್ಪಡಿಸಲಾಯಿತು. ಗುರುಪಾದಸ್ವಾಮಿಯವರು ಮುಂದೆ ರಾಜ್ಯಸಭೆಯಲ್ಲಿ ವಿರೋಧ ಪಕ್ಷದ ನಾಯಕರೂ ವಿ. ಪಿ. ಸಿಂಗ್ ಸಂಪುಟದಲ್ಲಿ ಸಚಿವರೂ ಆದರು.

ಆ ಮೊದಲ ಲೋಕಸಭೆಯಲ್ಲಿ ಕನ್ನಡಿಗರನ್ನು ಹುಡುಕಬೇಕಾದರೆ ಐದು ರಾಜ್ಯಗಳ ಪಟ್ಟಿಗಳನ್ನು ತಿರುವಬೇಕು. ಚಿತ್ರದುರ್ಗದ ಎಸ್. ನಿಜಲಿಂಗಪ್ಪ ಮೈಸೂರಿನ ಸದಸ್ಯರು. ಧಾರವಾಡದ ಡಿ. ಪಿ. ಕರಮರಕರ್ ಮುಂಬಯಿಯವರು. ದಕ್ಷಿಣ ಕನ್ನಡದ ಯು. ಶ್ರೀನಿವಾಸ ಮಲ್ಯ ಮತ್ತು ಬೆನಗಲ್ ಶಿವರಾವ್, ಬಳ್ಳಾರಿಯ ಟೇಕೂರು ಸುಬ್ರಹ್ಮಣ್ಯಂ ಮದ್ರಾಸಿನವರು. ಕುಷ್ಟಗಿಯ ಶಿವಮೂರ್ತಿ ಸ್ವಾಮಿ ಹೈದರಾಬಾದಿನವರು. ಕೊಡಗಿನ ಎನ್. ಸೋಮಣ್ಣ ಕೊಡಗಿನವರೇ. ಒಂದೇ ಭಾಷೆಯನ್ನಾಡುವವರು ಐದು ಹೆಸರುಗಳಡಿ ಕುಳಿತಿದ್ದರು. 1956ರ ನವೆಂಬರ್ 1ರ ಏಕೀಕರಣದಿಂದ ಈ ಪಟ್ಟಿಗಳು ಒಂದಾಗಿ, 1957ರಲ್ಲಿ ವಿಶಾಲ ಮೈಸೂರಿಗೆ 26 ಸ್ಥಾನಗಳು ದೊರೆತವು. ರಾಜ್ಯಸಭೆಯ ಸ್ಥಾನಗಳು 12 ಆದವು. ಗಡಿಯಾಚೆ ಉಳಿದವರ ಪಾಡು ಬೇರೆ. ಕಾಸರಗೋಡಿನ ಕನ್ನಡಿಗರು 1957ರಿಂದ ಎ. ಕೆ. ಗೋಪಾಲನ್ ಅವರ ಮತಕ್ಷೇತ್ರದವರಾದರು. ಅದೇ ಚುನಾವಣೆಯಲ್ಲಿ ವಯನಾಡಿನ ಜೈನ ಮನೆತನದ ಎಂ. ಕೆ. ಜಿನಚಂದ್ರನ್ ಅವರು ತಲಶ್ಶೇರಿಯಿಂದ, ಮಲಯಾಳದ ಪ್ರಸಿದ್ಧ ಸಾಹಿತಿ ಎಸ್. ಕೆ. ಪೊಟ್ಟೆಕ್ಕಾಟರನ್ನು ಸೋಲಿಸಿ ಲೋಕಸಭೆಗೆ ಹೋದರು. ವಯನಾಡಿನ ಜೈನರಿಗೂ ಕನ್ನಡನಾಡಿಗೂ ಇರುವ ಹಳೆಯ ನಂಟನ್ನು ಬಲ್ಲವರಿಗೆ ಇದು ಕುತೂಹಲದ ಸಂಗತಿ.

ಸ್ಥಾನ ದೊರೆತರೂ ಭಾಷೆ ದೊರೆಯಲಿಲ್ಲ. ಸಂವಿಧಾನದ 120ನೆಯ ವಿಧಿಯಂತೆ ಸಂಸತ್ತಿನ ವ್ಯವಹಾರ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ. ಎರಡೂ ಬಾರದವನು ಪೀಠದ ಅನುಮತಿ ಪಡೆದು ತನ್ನ ತಾಯ್ನುಡಿಯಲ್ಲಿ ಮಾತನಾಡಬಹುದು. ಹದಿನೈದು ವರ್ಷ ಈ ಅವಕಾಶ ಕನ್ನಡದ ಪಾಲಿಗೆ ನಿದ್ರಿಸಿತ್ತು. 1967ರಲ್ಲಿ ಶಿವಮೊಗ್ಗದಿಂದ ಆಯ್ಕೆಯಾದ ಸಮಾಜವಾದಿ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿ ಅದನ್ನು ಎಬ್ಬಿಸಿದರು. ಅದನ್ನು ಭಾಷಾಭಿಮಾನದ ಪ್ರದರ್ಶನವೆಂದು ತಿಳಿದವರು ಆಗಲೂ ಇದ್ದರು. ವಾಸ್ತವವಾಗಿ ಅದು ಪ್ರಾತಿನಿಧ್ಯದ ಪ್ರಶ್ನೆ. ಇಂಗ್ಲಿಷ್ ಬಲ್ಲವನು ಮಾತ್ರ ನಾಡನ್ನು ಪ್ರತಿನಿಧಿಸಬಲ್ಲನೆಂದಾದರೆ ಮತದ ಹಕ್ಕು ಎಲ್ಲರದು, ಮಾತಿನ ಹಕ್ಕು ಕೆಲವರದು ಎಂದಂತಾಗುತ್ತದೆ.

ಮೈಸೂರು ಕ್ಷೇತ್ರದ ಮುಂದಿನ ಕಥೆಯಲ್ಲಿ ಹಳೆಯ ಬಿನ್ನಹವು ತಿರುವುಮುರುವಾಗಿ ಕಾಣಿಸಿಕೊಳ್ಳುತ್ತದೆ. 1967, 1971, 1977ರಲ್ಲಿ ಎಚ್. ಡಿ. ತುಳಸೀದಾಸ್, 1980ರಲ್ಲಿ ಎಂ. ರಾಜಶೇಖರ ಮೂರ್ತಿ. ಈ ನಡುವೆ 1971ರಲ್ಲಿ ರಾಜಧನ ರದ್ದಾಗಿತ್ತು, 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಗಿತ್ತು. 1984ರಲ್ಲಿ ಜಯಚಾಮರಾಜ ಒಡೆಯರ ಮಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಕಾಂಗ್ರೆಸ್ಸಿನಿಂದ ನಿಂತು ಗೆದ್ದರು. 1989ರಲ್ಲಿ ಮತ್ತೆ ಗೆದ್ದರು. ಯಾವ ಕಾಯಿದೆ ಅವರ ವಂಶಕ್ಕೆ ಏಳು ಸ್ಥಾನಗಳನ್ನು ತುಂಬುವ ಅಧಿಕಾರ ಕೊಡಲು ಹೊರಟಿತ್ತೋ, ಆ ವಂಶದ ಕುಡಿ ಒಂದು ಸ್ಥಾನಕ್ಕಾಗಿ ಬೀದಿ ಬೀದಿಯಲ್ಲಿ ಕೈಮುಗಿಯಬೇಕಾಯಿತು. ಈಗ ಅರಿಕೆ ಅರಮನೆಯದು, ಚಿತ್ತ ಪ್ರಜೆಗಳದು. 1991ರಲ್ಲಿ ಅವರು ಭಾರತೀಯ ಜನತಾ ಪಕ್ಷದಿಂದ ನಿಂತಾಗ ಕಾಂಗ್ರೆಸ್ಸಿನ ಚಂದ್ರಪ್ರಭಾ ಅರಸರ ಎದುರು ಸೋತರು. ಚಂದ್ರಪ್ರಭಾ, ಡಿ. ದೇವರಾಜ ಅರಸರ ಮಗಳು, ಮೈಸೂರು ಕ್ಷೇತ್ರ ಇದುವರೆಗೆ ಲೋಕಸಭೆಗೆ ಕಳುಹಿಸಿದ ಏಕೈಕ ಮಹಿಳೆ. ಧಾರವಾಡವು 1962ರಷ್ಟು ಹಿಂದೆಯೇ ಸರೋಜಿನಿ ಮಹಿಷಿಯವರನ್ನು ಕಳುಹಿಸಿ ಮತ್ತೆ ಮತ್ತೆ ಆರಿಸಿದುದನ್ನು ನೆನೆದರೆ, ಸುಸಂಸ್ಕೃತವೆಂದು ಹೆಸರಾದ ಮೈಸೂರು ಈ ವಿಷಯದಲ್ಲಿ ಹಿಂದುಳಿದಿದೆಯೆಂದೇ ಹೇಳಬೇಕು. ಒಡೆಯರು 1996, 1999ರಲ್ಲಿ ಮತ್ತೆ ಗೆದ್ದರು. 1998, 2004ರಲ್ಲಿ ಸಿ. ಎಚ್. ವಿಜಯಶಂಕರ್, 2009ರಲ್ಲಿ ಎ. ಎಚ್. ವಿಶ್ವನಾಥ್, 2014 ಮತ್ತು 2019ರಲ್ಲಿ ಪ್ರತಾಪ ಸಿಂಹ ಆಯ್ಕೆಯಾದರು. 2024ರಲ್ಲಿ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ ಮೂಲಕ ಕ್ಷೇತ್ರ ಮತ್ತೆ ಅರಮನೆಯತ್ತ ತಿರುಗಿತು.

ರಾಜ್ಯದ ಪ್ರಾತಿನಿಧ್ಯವನ್ನು ಹೊರಗಿನವರಿಗೆ ಎರವಲು ಕೊಟ್ಟ ಪ್ರಸಂಗಗಳೂ ಉಂಟು. 1978ರಲ್ಲಿ ಚಿಕ್ಕಮಗಳೂರು ಇಂದಿರಾ ಗಾಂಧಿಯವರನ್ನು ಕಳುಹಿಸಿತು. ಮರುತಿಂಗಳೇ ಲೋಕಸಭೆ ಅವರನ್ನು ಉಚ್ಚಾಟಿಸಿತು. ಆಗ ಸಭಾಧ್ಯಕ್ಷ ಪೀಠದಲ್ಲಿದ್ದವರು ಬೆಂಗಳೂರು ದಕ್ಷಿಣದಿಂದ ಗೆದ್ದಿದ್ದ ಕೆ. ಎಸ್. ಹೆಗ್ಡೆ. 1973ರಲ್ಲಿ ತಮ್ಮ ಹಿರಿತನವನ್ನು ಕಡೆಗಣಿಸಿದುದಕ್ಕಾಗಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶ ಸ್ಥಾನವನ್ನು ತ್ಯಜಿಸಿ ಬಂದವರು ಅವರು. 1999ರಲ್ಲಿ ಬಳ್ಳಾರಿ ಗೆಲ್ಲಿಸಿದ ಸೋನಿಯಾ ಗಾಂಧಿಯವರು ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟರು. ರಾಜ್ಯಸಭೆಯ ಸದಸ್ಯನು ಆಯಾ ರಾಜ್ಯದ ನಿವಾಸಿಯಾಗಿರಬೇಕೆಂಬ ನಿಯಮವನ್ನು 2003ರಲ್ಲಿ ತೆಗೆದುಹಾಕಿದ ಮೇಲೆ ಈ ಎರವಲು ನೇರವಾಗಿಯೇ ನಡೆಯುತ್ತಿದೆ. ವೆಂಕಯ್ಯ ನಾಯ್ಡು, ನಿರ್ಮಲಾ ಸೀತಾರಾಮನ್, ಜೈರಾಮ್ ರಮೇಶ್ ಮೊದಲಾದವರು ಕರ್ನಾಟಕದ ಹೆಸರಿನಲ್ಲಿ ರಾಜ್ಯಸಭೆಯಲ್ಲಿ ಕುಳಿತವರು. ಅವರ ಯೋಗ್ಯತೆ ಇಲ್ಲಿನ ಪ್ರಶ್ನೆಯಲ್ಲ. ರಾಜ್ಯಗಳ ಸಭೆಯೆಂಬ ಹೆಸರಿಗೆ ಅರ್ಥವೇನು ಎಂಬುದಷ್ಟೇ ಪ್ರಶ್ನೆ.

ಇನ್ನು ಸಂಖ್ಯೆಯ ವಿಚಾರ. 1967ರಲ್ಲಿ 27 ಆದ ಲೋಕಸಭಾ ಸ್ಥಾನಗಳು 1977ರಲ್ಲಿ 28 ಆಗಿ ಅಲ್ಲಿಯೇ ನಿಂತಿವೆ. 1976ರ 42ನೆಯ ತಿದ್ದುಪಡಿ 1971ರ ಗಣತಿಯ ಆಧಾರದ ಮೇಲೆ ರಾಜ್ಯಗಳ ಪಾಲನ್ನು ಸ್ಥಗಿತಗೊಳಿಸಿತು. 84ನೆಯ ತಿದ್ದುಪಡಿ ಆ ಸ್ಥಗಿತವನ್ನು 2026ರ ಅನಂತರದ ಮೊದಲ ಗಣತಿಯವರೆಗೆ ಮುಂದುವರಿಸಿತು. ಕುಟುಂಬ ನಿಯಂತ್ರಣದಲ್ಲಿ ಮುಂದಾದ ರಾಜ್ಯಗಳು ಅದಕ್ಕಾಗಿ ಪ್ರಾತಿನಿಧ್ಯವನ್ನು ಕಳೆದುಕೊಳ್ಳಬಾರದೆಂಬುದು ಇದರ ಉದ್ದೇಶ. 1971ರಲ್ಲಿ 2.93 ಕೋಟಿ ಜನರಿದ್ದ ಕರ್ನಾಟಕದಲ್ಲಿ ಒಬ್ಬ ಸದಸ್ಯನಿಗೆ ಸುಮಾರು ಹತ್ತೂವರೆ ಲಕ್ಷ ಜನ. 2011ರಲ್ಲಿ 6.11 ಕೋಟಿ ಜನರಿಗೆ ಅದೇ 28 ಮಂದಿ, ಒಬ್ಬೊಬ್ಬರಿಗೆ ಸುಮಾರು 21.8 ಲಕ್ಷ. ಅದೇ ಲೆಕ್ಕ ರಾಜಸ್ಥಾನದಲ್ಲಿ 27 ಲಕ್ಷವನ್ನು ದಾಟುತ್ತದೆ, ಕೇರಳದಲ್ಲಿ 17 ಲಕ್ಷವನ್ನೂ ಮುಟ್ಟುವುದಿಲ್ಲ. ದಕ್ಷಿಣದ ರಾಜ್ಯಗಳೆಲ್ಲವೂ ಸಮಾನವಾಗಿ ನಷ್ಟ ಹೊಂದುತ್ತವೆಂಬ ಮಾತು ವೇದಿಕೆಗೆ ಚೆನ್ನ, ಲೆಕ್ಕಕ್ಕೆ ಅಲ್ಲ. 2011ರ ಗಣತಿಯನ್ನೇ ಹಿಡಿದರೆ ಕರ್ನಾಟಕ ದೇಶದ ಸರಾಸರಿಯ ಹತ್ತಿರವೇ ಇದ್ದು, ಕಳೆದುಕೊಳ್ಳುವುದು ಅತ್ಯಲ್ಪ. ಆದರೆ ಮುಂದಿನ ಗಣತಿ 2011ರದಲ್ಲ. ಉತ್ತರದ ರಾಜ್ಯಗಳ ಬೆಳವಣಿಗೆ ಇಲ್ಲಿಗಿಂತ ವೇಗವಾಗಿದೆ. ಬೆಂಗಳೂರಿನ ಬೆಳವಣಿಗೆಯಿಂದ ರಾಜ್ಯದೊಳಗೇ ಸ್ಥಾನಗಳು ಸರಿದಾಡುವ ಸಂಭವವೂ ಇದೆ. ಮೈಸೂರಿನಂತಹ ಕ್ಷೇತ್ರಗಳು ಹೆಚ್ಚು ಚಿಂತಿಸಬೇಕಾದುದು ಬಹುಶಃ ಈ ಎರಡನೆಯದರ ಬಗ್ಗೆ.

ಸಂಖ್ಯೆಯೊಂದನ್ನೇ ಅಳತೆಗೋಲಾಗಿಸಿಕೊಂಡರೆ ಏನಾಗುತ್ತದೆಂಬುದಕ್ಕೆ ನಿದರ್ಶನ ಮೈಸೂರು ಕ್ಷೇತ್ರದೊಳಗೇ ಇದೆ. 1951ರ ಗಣತಿಯಲ್ಲಿ ಕೊಡಗಿನ ಜನಸಂಖ್ಯೆ ಸುಮಾರು 2.29 ಲಕ್ಷ. ಅಷ್ಟಕ್ಕೇ ಅದು ಒಂದು ರಾಜ್ಯವಾಗಿದ್ದುದರಿಂದ ಲೋಕಸಭೆಯಲ್ಲಿ ಅದಕ್ಕೊಬ್ಬ ಸ್ವಂತ ಸದಸ್ಯನಿದ್ದನು. ರಾಜ್ಯಸಭೆಯ ಸ್ಥಾನವನ್ನು ಮಾತ್ರ ಅದು ದೂರದ ಅಜ್ಮೀರದೊಡನೆ ಸರದಿಯಂತೆ ಹಂಚಿಕೊಳ್ಳಬೇಕಿತ್ತು. ಸಂವಿಧಾನದ ನಾಲ್ಕನೆಯ ಅನುಸೂಚಿಯ ಮೂಲಪಾಠದಲ್ಲಿ ಈ ವಿಚಿತ್ರ ಜೋಡಿಯನ್ನು ಇಂದಿಗೂ ಕಾಣಬಹುದು. ಏಕೀಕರಣದ ಬಳಿಕ ಕೊಡಗು ಮಂಗಳೂರು ಕ್ಷೇತ್ರಕ್ಕೆ ಸೇರಿತು. ಸಂವಿಧಾನ ರಚನಾ ಸಭೆಯಲ್ಲಿ ಕೊಡಗನ್ನು ಪ್ರತಿನಿಧಿಸಿ, ಅನಂತರ ಅದರ ಮುಖ್ಯಮಂತ್ರಿಯೂ ಆಗಿದ್ದ ಸಿ. ಎಂ. ಪೂಣಚ್ಚನವರು 1967ರಲ್ಲಿ ಲೋಕಸಭೆಗೆ ಹೋದುದು ಮಂಗಳೂರಿನಿಂದ. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಮಡಿಕೇರಿ, ವಿರಾಜಪೇಟೆಗಳು ಮೈಸೂರಿಗೆ ಬಂದವು. ಪಿರಿಯಾಪಟ್ಟಣ, ಹುಣಸೂರು, ಚಾಮುಂಡೇಶ್ವರಿ, ಕೃಷ್ಣರಾಜ, ಚಾಮರಾಜ, ನರಸಿಂಹರಾಜ ಎಂಬ ಆರು ಕ್ಷೇತ್ರಗಳು ಮೈಸೂರು ಜಿಲ್ಲೆಯವು, ಎರಡು ಕೊಡಗಿನವು. 2011ರಲ್ಲಿ 5.54 ಲಕ್ಷಕ್ಕೇರಿದ ಕೊಡಗಿನ ಜನ ತಮ್ಮ ಕಾಫಿ, ಕರಿಮೆಣಸು, ಆನೆ, ಭೂಕುಸಿತಗಳ ಅಹವಾಲನ್ನು ಹೊತ್ತು ಈಗ ಮೈಸೂರಿನ ಸಂಸದರ ಕಚೇರಿಗೆ ಘಟ್ಟ ಇಳಿದು ಬರುತ್ತಾರೆ.